ನೀರು ಬಿಡುವ ಮೊದಲೇ ಅಳೆದು ಹೋದ ನೆಲ

ಶಹಾಪುರದ ಮುಂದಿನ ಇಪ್ಪತ್ತು ವರ್ಷಗಳ ಬೆಳವಣಿಗೆಗೆ ನಕ್ಷೆ ಬರೆದು, ಆ ನಕ್ಷೆಯಿಂದ ಪರಿಸರಕ್ಕೆ ಯಾವ ಬಾಧೆಯೂ ಇಲ್ಲವೆಂದು ತಾವೇ ವರದಿಯನ್ನೂ ಬರೆದುಕೊಂಡ ಮಾನ್ಯ ಯೋಜನಾಧಿಕಾರಿಗಳೇ,

ನೀವು ನಮ್ಮೂರಿನ ನೆಲವನ್ನು ಮೇ ತಿಂಗಳಲ್ಲಿ ನೋಡಿ ಹೋಗಿದ್ದೀರಿ. ನನ್ನ ತಕರಾರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು, ಆದರೆ ನಿಮ್ಮ ವರದಿ ಮುನ್ನೂರು ಪುಟವಿದೆ. ನನಗೂ ಸ್ವಲ್ಪ ಉದ್ದಕ್ಕೆ ಬರೆಯುವ ಹಕ್ಕಿದೆಯೆಂದು ಭಾವಿಸುತ್ತೇನೆ.

ನಾನು ಲಾಲಮ್ಮ, ಇಲ್ಲಿನ ಗ್ರಂಥಾಲಯವೊಂದರಲ್ಲಿ ಗುಮಾಸ್ತೆ. ಸಾರ್ವಜನಿಕರು ಓದಿ ಆಕ್ಷೇಪಣೆ ಸಲ್ಲಿಸಲೆಂದು ನೀವು ಕಳಿಸಿದ ವರದಿಯನ್ನು ನನ್ನ ಮೇಜಿನ ಮೇಲೆಯೇ ಇಟ್ಟಿದ್ದೇವೆ. ಸಾರ್ವಜನಿಕರು ಬಂದರು, ಅದರ ದಪ್ಪ ನೋಡಿದರು, ಪಕ್ಕದ ದಿನಪತ್ರಿಕೆ ಎತ್ತಿಕೊಂಡು ಹೋಗಿ ಕೂತರು. ಹೀಗಾಗಿ ಅದನ್ನು ಪೂರ್ತಿ ಓದಿದವಳು ನಾನೊಬ್ಬಳೇ. ಬರೆದವರು ಓದಿದ್ದಾರೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ.

ನಿಮ್ಮ ಯೋಜನೆಯಂತೆ ರಸ್ತೆ ಅಗಲ ಮಾಡಲು ಕಾಲುವೆಯ ಮೇಲ್ಭಾಗದಲ್ಲಿರುವ ನಮ್ಮ ಓಣಿ ಹೋಗುತ್ತದೆ. ನಮಗೆ ಬದಲಿ ಜಾಗ ಕಾಲುವೆಯ ಕೆಳಗಿನ ಎರೆ ನೆಲದಲ್ಲಿ. ನಕ್ಷೆಯಲ್ಲಿ ಅದಕ್ಕೆ ಹಳದಿ ಬಣ್ಣ, ಅಂದರೆ ವಾಸಕ್ಕೆ ಯೋಗ್ಯ. ಅದರ ನಡುವೆ ಇರುವ ಬಸಿಹಳ್ಳಕ್ಕೆ ಬೂದು ಬಣ್ಣ, ಅಂದರೆ ಅರವತ್ತು ಅಡಿ ರಸ್ತೆ. ಮೇಲಿನ ಗದ್ದೆಗಳಿಂದ, ಕಾಲುವೆಯ ಏರಿಯಿಂದ ಸೋರಿ ಬರುವ ನೀರು ಇಷ್ಟು ವರ್ಷ ಆ ಹಳ್ಳದಲ್ಲೇ ಹರಿದು ಹೋಗುತ್ತಿತ್ತು. ಇನ್ನು ಮುಂದೆ ಅದು ಎಲ್ಲಿಗೆ ಹೋಗಬೇಕು? ರಸ್ತೆಯ ಎಡಬದಿ ಹಿಡಿದು, ಸಿಗ್ನಲ್ ನೋಡಿಕೊಂಡು ಹೋಗಬೇಕೇ? "ಜೌಗಿನ ಲಕ್ಷಣಗಳು ಕಂಡುಬಂದಿರುವುದಿಲ್ಲ" ಎಂದು ಬರೆದಿದ್ದೀರಿ. ಕಾಣುವುದಾದರೂ ಹೇಗೆ ಸಾಹೇಬರೇ? ಕಾಲುವೆಗೆ ನೀರು ನಿಲ್ಲಿಸಿ ತಿಂಗಳಾಗಿತ್ತು. ಈ ಭಾಗಕ್ಕೆ ಕಾಲುವೆ ಬಂದಂದಿನಿಂದ ನಮಗಿರುವುದು ಎರಡೇ ಕಾಲ, ನೀರು ಬಿಟ್ಟ ಕಾಲ ಮತ್ತು ನೀರು ನಿಲ್ಲಿಸಿದ ಕಾಲ. ನೀವು ಎರಡನೆಯದರಲ್ಲಿ ಬಂದು ಮೊದಲನೆಯದಕ್ಕೂ ಸಹಿ ಹಾಕಿ ಹೋದಿರಿ.

ನಿಮ್ಮವರು ಬಂದ ದಿನ ನಾನು ಓಣಿಯಲ್ಲೇ ಇದ್ದೆ. ಜೀಪನ್ನು ಒಣಗಿದ ಕಾಲುವೆಯೊಳಗೇ ಇಳಿಸಿ, ನೆರಳಿರುವ ಕಡೆ ನಿಲ್ಲಿಸಿದರು. ಅದರಾಚೆ ಬಿಸಿಲಲ್ಲಿ ನಮ್ಮ ನೆರೆಮನೆಯ ಹಂಪಮ್ಮ ಹಳೆಯ ಸೀರೆ ಹಾಸಿ ಶ್ಯಾವಿಗೆ ಒಣಗಿಸುತ್ತಿದ್ದಳು. ಬೇಸಿಗೆಯಲ್ಲಿ ನಮ್ಮ ಓಣಿಗೆ ಕಾಲುವೆಯ ತಳವೇ ಅಂಗಳ. ಟೋಪಿ ಹಾಕಿಕೊಂಡಿದ್ದ ಒಬ್ಬರು ಈ ಕೆಳಗಿನ ನೆಲ ತೇವ ಹಿಡಿಯುತ್ತದೆಯೇ ಎಂದು ಕೇಳಿದರು.

"ಎಲ್ಲಿ ತೇವರಿ ಸಾಹೇಬ್ರ? ತೇವ ಇದ್ದಿದ್ರ ನನ್ನ ಶ್ಯಾವಿಗಿ ಹಿಂಗ ಒಣಗ್ತಿತ್ತೇನ್ರಿ?" ಎಂದಳು ಹಂಪಮ್ಮ.

ಅದೀಗ ವರದಿಯಲ್ಲಿ "ಸ್ಥಳೀಯ ನಿವಾಸಿಗಳು ದೃಢಪಡಿಸಿದಂತೆ" ಎಂಬ ಗಂಭೀರ ಸಾಲಾಗಿ ಕೂತಿದೆ. ಓದಿ ಸಿಟ್ಟು ಬಂದು ನೇರ ಅವಳ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಅವರು ಅವತ್ತಿಂದು ಕೇಳಿದ್ರು, ನಾ ಅವತ್ತಿಂದೇ ಹೇಳೀನಿ. ನೀರು ಬಿಟ್ಟ ಮ್ಯಾಲ ಬಂದು ಕೇಳ್ರಿ ಅಂತ ಬರಿ ಅವರಿಗೆ. ಬೇಕಾದ್ರ ಶ್ಯಾವಿಗಿ ಪಾಯಸ ಮಾಡಿ ಕೊಡ್ತೀನಿ."

ಬರೆದಿದ್ದೇನೆ. ಪಾಯಸದ ಆಸೆಗಾದರೂ ಬಂದೀರೆಂದು ನಂಬಿದ್ದೇನೆ.

ಈಗ ನನ್ನ ಮನೆಯ ಮಾತು. ನನ್ನ ಮಾವ ಅಂಬ್ರಪ್ಪ ತೀರಿಕೊಂಡದ್ದೂ ಒಂದು ಮೇ ತಿಂಗಳಲ್ಲೇ. ನೀವು ಹಳದಿ ಬಳಿದ ಜಾಗದ ಒಳಗೇ ನಮ್ಮವರ ಮಸಣವಿದೆ. ನಿಮ್ಮ ನಕ್ಷೆಯಲ್ಲಿ ಅದು "ಪ್ರಸ್ತಾವಿತ ಉದ್ಯಾನ". ನಮ್ಮಲ್ಲಿ ಕುಣಿ ತೋಡುವವರು ಮನೆತನದ ಗಂಡಸರೇ. ಅಂದು ನೆಲ ಕಲ್ಲಾಗಿತ್ತು. ಗುದ್ದಲಿಯ ಕಾವು ಮುರಿದಾಗ ಮೈದುನ ಈಶಪ್ಪ, "ಬದುಕಿದ್ದಾಗೂ ಅಪ್ಪ ನನಗ ಇಷ್ಟು ದುಡಿಸಿರ್ಲಿಲ್ಲ" ಎಂದ. ಅಳುತ್ತಿದ್ದವರೂ ನಕ್ಕರು.

ಮರುವರ್ಷ ಅತ್ತೆ ತಿಮ್ಮವ್ವ ದಸರೆಯ ಮುಂದೆ ಹೋದರು. ಕಾಲುವೆ ತುಂಬಿ ಹರಿಯುತ್ತಿತ್ತು. ಗಂಡನ ಬಗಲಿಗೇ ಇಡಬೇಕೆಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. ಹಾಗೆಯೇ ಮನೆಯ ಗಂಡಸರು ಮಾವನ ಪಕ್ಕದಲ್ಲಿ ಕುಣಿ ತೋಡತೊಡಗಿದರು. ಮೊಳಕಾಲುದ್ದ ಇಳಿಯುವುದರೊಳಗೆ ತಳದಲ್ಲಿ ನೀರು ಕಾಣಿಸಿತು. ಕೊಡದಿಂದ ಮೊಗೆದು ಚೆಲ್ಲಿದರೆ ಮತ್ತೆ ಬಂತು. ಬದಿಯ ಮಣ್ಣು ಕುಸಿದು ಬಿತ್ತು. ಈಶಪ್ಪ ಕುಣಿಯೊಳಗೇ ನಿಂತು ನನ್ನ ಕಡೆ ನೋಡಿದ.

"ಅತ್ತಿಗಿ, ಇದರಾಗ ಅವ್ವಗ ಹ್ಯಾಂಗ ಇಡಬೇಕು? ನೀರು ಬರಾಕತ್ತದ ನೋಡು."

ಮಣ್ಣಿಗೆ ಬಂದಿದ್ದ ಚಾಂದಪಾಶಾ, ನಮ್ಮ ಓಣಿಯ ಹಿಂದೆ ಹೊಲವಿರುವವನು, ಮುಂದೆ ಬಂದ.

"ಅಕ್ಕಾ, ತಡ ಮಾಡಬ್ಯಾಡ್ರಿ. ನನ್ನ ಹೊಲದ ಮೂಲ್ಯಾಗ ಎತ್ತರದ ಜಾಗ ಅದ. ಈ ಮುದುಕಿ ನನಗೂ ಎತ್ತಿ ಆಡಿಸ್ಯಾಳ. ಅಲ್ಲೇ ಇಡೋಣ ನಡೀರಿ."

ಅಲ್ಲೇ ಇಟ್ಟೆವು. ಈಗ ಮಾವ ಕಾಲುವೆಯ ಕೆಳಗೆ, ಅತ್ತೆ ಕಾಲುವೆಯ ಮೇಲೆ. ಅಮಾವಾಸ್ಯೆಗೆ ಎರಡು ಕಡೆ ಎಡೆ ಹಿಡಿದು ಹೋಗುತ್ತೇನೆ. ಕುಣಿಯಲ್ಲಿ ನೀರು ಬಂದ ಅದೇ ನೆಲ "ಮೂರು ಅಂತಸ್ತಿನ ಕಟ್ಟಡದ ಭಾರ ತಾಳಬಲ್ಲದು" ಎಂದು ನೀವು ಬರೆದಿದ್ದೀರಿ. ನಮ್ಮ ಅತ್ತೆ ಮೂರು ಅಂತಸ್ತಿನವರಾಗಿರಲಿಲ್ಲ ಸಾಹೇಬರೇ. ತಕ್ಕಡಿಗೆ ಹಾಕಿದ್ದರೆ ಅರ್ಧ ಚೀಲ ಜೋಳದಷ್ಟೂ ತೂಗುತ್ತಿರಲಿಲ್ಲ.

ಊರು ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ. ಕಾಲುವೆಯನ್ನೂ ಬೈಯುತ್ತಿಲ್ಲ. ಅದು ಬಂದ ಮೇಲೆಯೇ ನಮ್ಮ ಮನೆಯಲ್ಲಿ ಎರಡು ಹೊತ್ತು ಅನ್ನ ಬೇಯತೊಡಗಿದ್ದು. ಆದರೆ ಅನ್ನ ಕೊಟ್ಟ ನೀರು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡದೆ ಊರು ಕಟ್ಟುವುದು ಎಂಥ ಯೋಜನೆ? ವರ್ಷಕ್ಕೆ ಕೆಲವೇ ತಿಂಗಳು ಒಣಗಿರುವ ನೆಲಕ್ಕೆ ವರ್ಷಪೂರ್ತಿ ಜನರನ್ನು ಕಳಿಸಿ, ಉಳಿದ ತಿಂಗಳು ನಾವು ಎಲ್ಲಿರಬೇಕೆಂದು ನಿಮ್ಮ ವಿಚಾರ?

ಆದ್ದರಿಂದ ಈ ವರದಿಯನ್ನು ಹಿಂಪಡೆಯಿರಿ. ಕಾಲುವೆಗೆ ನೀರು ಬಿಟ್ಟ ಮೇಲೆ, ಗದ್ದೆ ನಾಟಿ ಮುಗಿದ ಮೇಲೆ ಬಂದು ಹೊಸದಾಗಿ ಅಳೆಯಿರಿ. ಹಳ್ಳವನ್ನು ಹಳ್ಳವೆಂದೇ ಬರೆಯಿರಿ. ಅಲ್ಲಿಯವರೆಗೆ ನಮ್ಮ ಓಣಿಯ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ. ನಿಮ್ಮ ಅಗೆಯುವ ಯಂತ್ರಗಳು ರಿಪೇರಿಯಲ್ಲಿದ್ದರೆ ಬಿಟ್ಟು ಬನ್ನಿ, ಗುದ್ದಲಿ ನಾವು ಕೊಡುತ್ತೇವೆ. ನಮಗೆ ಕೊಡುತ್ತೇವೆಂದ ನಿವೇಶನದಲ್ಲಿ ನೀವೇ ನಿಂತು ಮೊಳಕಾಲುದ್ದ ತೋಡಿ ನೋಡಿ. ಗುಂಡಿ ಒಣಗಿದ್ದರೆ ಅಡಿಪಾಯದ ಮೊದಲ ಕಲ್ಲು ನಾನೇ ಹೊತ್ತು ತರುತ್ತೇನೆ. ನೀರು ಬಂದರೆ ನಮ್ಮನ್ನು ಅಲ್ಲಿಗೆ ಕರೆಯಬೇಡಿ. ನಮ್ಮ ಹೆಣ ಇಡಲಾಗದೆ ಎತ್ತಿಕೊಂಡು ಬಂದ ನೆಲ ಅದು. ಅಲ್ಲಿ ನಮ್ಮ ಮಕ್ಕಳನ್ನು ಮಲಗಿಸುವುದಿಲ್ಲ.

ಇಂತಿ,
ಪುಕ್ಕಟೆ ನಿವೇಶನ ಬೇಡವೆನ್ನುವ ಕೃತಘ್ನ ಫಲಾನುಭವಿ,
ಲಾಲಮ್ಮ
ಕಾಲುವೆಯ ಮೇಲಿನ ಓಣಿ, ಶಹಾಪುರ