ಮೊದಲು ಮಗುವನ್ನು ತಾಯಿಯ ಕೈಗೆ ಕೊಡು

ರತ್ನಾಗಿರಿ
೧೨ ನವೆಂಬರ್ ೧೯೯೭

ಪ್ರೀತಿಯ ಅಕ್ಕನಿಗೆ,

ಕುಂದಾಳ ನಮಸ್ಕಾರಗಳು. ದೀಪಾವಳಿಗೆ ನೀನು ಕಳಿಸಿದ ಚಕ್ಕುಲಿ ಮುಗಿದು ಡಬ್ಬ ತೊಳೆದಿಟ್ಟದ್ದೂ ಆಯಿತು, ಉತ್ತರ ಬರೆಯುವುದು ಮಾತ್ರ ಇವತ್ತು ಕೂಡಿಬಂತು. ಬೈದುಕೊಂಡಿರುತ್ತೀಯ, ಬೈದುಕೋ. ಸಾಂಗ್ಲಿಯಲ್ಲಿ ಎಲ್ಲರೂ ಕ್ಷೇಮವಷ್ಟೆ? ಬಸುರಿ ಮಿನುವಿಗೆ ಈಗಲಾದರೂ ಊಟ ಸೇರುತ್ತಿದೆಯೇ?

ತಡವಾಗಲು ಕಾರಣ ನಮ್ಮ ಶಿಶುವಿಹಾರ. ಬಂದರಿನ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಹೆಂಗಸರ ಮಕ್ಕಳು ನಮ್ಮಲ್ಲಿರುತ್ತಾರೆ ಎಂದು ನಿನಗೆ ಗೊತ್ತಲ್ಲ. ಆಯಾ ಸುಲಭಾ ಮಾವಶಿಗೆ ಮಕ್ಕಳೆಂದರೆ ಪ್ರಾಣ, ನಾಲಿಗೆಗೆ ಮಾತ್ರ ಲಗಾಮಿಲ್ಲ. ಪ್ರಣಾಲಿ ಎಂಬ ಹುಡುಗಿ ಒಂದು ಸಂಜೆ ಮಗನನ್ನು ಕರೆದೊಯ್ಯಲು ಬಂದಳು. ಒಂದೂವರೆ ವರ್ಷದ ಓಮ್ಯಾ ಮಾವಶಿಯ ಸೀರೆ ಬಿಡಲೊಲ್ಲ.

"ನೋಡೇ, ನಿನ್ನ ಕೈ ವಾಸನೆಗೆ ಮುಖ ತಿರುಗಿಸ್ತಾನೆ! ಇನ್ಮೇಲೆ ನಾನೇ ಇವನವ್ವ. ನೀ ಹೋಗಿ ಸಿಗಡಿ ಸುಲಿ, ಹೋಗು!" ಎಂದಳು ಮಾವಶಿ.

ಎಲ್ಲರೂ ನಕ್ಕರು. ಪ್ರಣಾಲಿಯೂ ನಕ್ಕಳು. ಮರುದಿನದಿಂದ ಮಗುವನ್ನು ಕರೆತರಲಿಲ್ಲ.

ಹುಡುಕಿಕೊಂಡು ಶೆಡ್ಡಿಗೆ ಹೋದೆ. ಮಂಜುಗಡ್ಡೆಯ ನೀರು ಹರಿಯುವ ನೆಲದ ಮೇಲೆ, ಹಳೇ ಸೀರೆಯ ತುಂಡಿನಿಂದ ಕಂಬಕ್ಕೆ ಕಟ್ಟಿಹಾಕಿದ್ದಳು ಮಗುವನ್ನು. ತುಟಿ ನೀಲಿಗಟ್ಟಿತ್ತು. ಸೋಮವಾರದಿಂದ ಮಗು ತಂದರೆ ಕೆಲಸವಿಲ್ಲ ಎಂದು ಕೆಲಸ ಮಾಡಿಸುವ ಮುಕಾದಮ ಹೇಳಿಯಾಗಿತ್ತು. ಗಂಡನಿಲ್ಲದವಳಿಗೆ ಬೇರೆ ದಾರಿ ಎಲ್ಲಿದೆ?

ಮಾವಶಿಯನ್ನು ಎಳೆದುಕೊಂಡು ಪ್ರಣಾಲಿಯ ಮನೆಗೆ ಹೊರಟೆ. ದಾರಿಯುದ್ದಕ್ಕೂ ಅವಳದು ಒಂದೇ ರಾಗ: "ನಾನೇನು ಬೈದೆನಾ, ಕುಂದಾಬಾಯಿ? ಪ್ರೀತಿಗೆ ಅಂದದ್ದು."

"ಮೊದಲು ಮಗೂನ ತಾಯಿ ಕೈಗೆ ಕೊಡು, ಆಮೇಲೆ ಮಾತಾಡು ಅಂತ ಎಷ್ಟು ಸಲ ಹೇಳ್ಲಿ ನಿಂಗೆ?" ಎಂದು ರೇಗಿದೆ.

ಪ್ರಣಾಲಿ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. "ದಿನಾ ನಿಂಬೆಹಣ್ಣು ಹಚ್ಚಿ ತಿಕ್ತೀನಿ ಮಾವಶಿ, ಚರ್ಮ ಸುಲಿದುಹೋಗಿದೆ. ವಾಸನೆ ಹೋಗಲ್ಲ. ನಂಗೊತ್ತಿಲ್ವಾ? ಎಲ್ಲರೆದುರು ಹೇಳ್ಬೇಕಿತ್ತಾ?"

ಮಾವಶಿ ಹೊಸಿಲ ಹೊರಗೇ ಕುಕ್ಕರಗಾಲಲ್ಲಿ ಕೂತಳು. "ನೀ ಹೊದೆಯೋ ಹಳೇ ಓಢಣಿ ಅಲ್ಲಿ ಬಿಟ್ಟಿದ್ದೀಯಲ್ಲ, ಮಧ್ಯಾಹ್ನ ಅದಿಲ್ದೆ ಇವನು ಮಲಗಲ್ಲ ಕಣೇ. ಒಗೆದು ಕೊಟ್ಟೆ, ಎಸೆದುಬಿಟ್ಟ. ನಿನ್ನ ಕೈ ವಾಸನೆ ಇದ್ರೇನೇ ನಿದ್ದೆ ಅವನಿಗೆ. ಸಂಜೆ ನಿನ್ನ ಮೇಲೆ ಅವನದು ಮುನಿಸು, ಇಷ್ಟೊತ್ತು ಎಲ್ಲಿದ್ದೆ ಅಂತ. ಇದನ್ನ ನಿಂಗೆ ಹೇಳ್ಬೇಕಿತ್ತು. ಹೇಳಲಿಲ್ಲ ನಾನು."

ಪ್ರಣಾಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಸೋಮವಾರ ಮಗುವನ್ನು ಕರೆತಂದಳು. ಮೊದಲಿನ ಸಲಿಗೆ ಇನ್ನೂ ಬಂದಿಲ್ಲ, ಬಾಗಿಲಲ್ಲೇ ನಿಲ್ಲುತ್ತಾಳೆ. ಮಾವಶಿ ಈಗ ತುಟಿಪಿಟಕ್ಕೆನ್ನದೆ ಮೊದಲು ಮಗುವನ್ನು ಅವಳ ತೋಳಿಗೆ ಕೊಡುತ್ತಾಳೆ. ಮಗು ಅತ್ತದ್ದು, ಉಂಡದ್ದು, ಅವ್ವ ಬೇಕೆಂದು ಕೇಳಿದ್ದು ಎಲ್ಲ ಹೇಳುವುದು ಆಮೇಲೆ.

ಭಾವನಿಗೆ ನಮಸ್ಕಾರ ತಿಳಿಸು. ಮಿನುವಿಗೂ ಹೊಟ್ಟೆಯಲ್ಲಿರುವ ಕಂದನಿಗೂ ನನ್ನ ಆಶೀರ್ವಾದ.

ನಿನ್ನ ತಂಗಿ,
ಕುಂದಾ

ಮರೆತ ಮಾತು: ಹೆರಿಗೆಗೆ ಮಿನು ನಿನ್ನ ಮನೆಗೇ ಬರುತ್ತಾಳೆಂದು ಊರಿನವರಿಂದ ತಿಳಿಯಿತು. ಬರಲಿ, ಮೂರು ವರ್ಷದವಳಿದ್ದಾಗಿನಿಂದ ಸಾಕಿದವಳು ನೀನು. ಅವಳ ಮದುವೆಯಲ್ಲಿ ಅವಳು ನಿನ್ನನ್ನು ತಬ್ಬಿಕೊಂಡು ಅತ್ತಾಗ, "ಹೆತ್ತವಳು ಬರೀ ನೆಂಟಳು!" ಎಂದು ನಿನ್ನ ನಾದಿನಿ ನನ್ನ ಕಡೆ ಬೆರಳು ತೋರಿಸಿ ಕೂಗಿದಳಲ್ಲ, ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಅಕ್ಕಾ, ಒಂದು ಕೇಳುತ್ತೇನೆ. ಚಿಕ್ಕವಳಿದ್ದಾಗ ಮಲಗುವ ಹೊತ್ತಿಗೆ ಒಂದು ದಿನವಾದರೂ ಅವಳು ನಾನು ಬೇಕೆಂದು ಕೇಳಿದ್ದಳೇ? ಕೇಳಿದ್ದರೆ ಬರೆ. ಇಲ್ಲವಾದರೆ ಈ ಮಾತಿಗೆ ಉತ್ತರ ಬರೆಯಬೇಡ.