ಶಟರ್ ಎತ್ತಿದವರ ಸಾವಿಗೆ ತಾವಿಟ್ಟ ಹೆಸರು

ಮಾನ್ಯ ಪೊಲೀಸ್ ಅಧಿಕಾರಿಗಳೇ,

ನನ್ನ ಗಂಡ ದೇಜಪ್ಪನವರನ್ನು ಬಂದ್ ದಿನ ಪಕ್ಷದ ಬಾವುಟ ಹಿಡಿದವರು ಹೊಡೆದು ಕೊಂದರು. ತಮ್ಮ ಠಾಣೆಯ ಕಾಗದದಲ್ಲಿ ಅದು 'ಗಿರಾಕಿಗಳೊಂದಿಗಿನ ಜಗಳ' ಆಗಿದೆ. ಈ ಹೆಸರು ಹುಡುಕಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಕೆಳಗಿನ ಸಹಿ ತಮ್ಮದು. ಆದ್ದರಿಂದ ಈ ಪತ್ರವನ್ನು ತಮಗೇ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಠಾಕುರ್ಲಿ ಸ್ಟೇಷನ್ ಹತ್ತಿರದ ನಮ್ಮ ಹೋಟೆಲಿಗೊಂದು ಪದ್ಧತಿಯಿತ್ತು. ಯಾವ ಪಕ್ಷದ ಬಂದ್ ಆದರೂ ಶಟರ್ ಇಳಿಸುವುದು, ಮೋರ್ಚಾದವರು ಬಂದು ತಟ್ಟಿದರೆ ಎತ್ತಿ ಒಂದು ಟ್ರೇ ಚಾ ಕೊಡುವುದು. ಅವರು ಕುಡಿದು, ಘೋಷಣೆ ಕೂಗಿ ಮುಂದೆ ಹೋಗುತ್ತಿದ್ದರು. ಉಡುಪಿ ಕಡೆಯಿಂದ ಬಂದು ಈ ಮರಾಠಿ ಊರಿನಲ್ಲಿ ಹೋಟೆಲಿಟ್ಟ ನಮಗೆ ಬದುಕಲು ಇದೇ ದಾರಿ ಅನಿಸಿತ್ತು. ಅಂದೂ ತಟ್ಟಿದರು, ಕಬ್ಬಿಣದ ರಾಡಿನಿಂದ. ನಾನು ಬೇಡವೆಂದೆ. "ನಮ್ಮ ಹುಡುಗರೇ ಮಾರಾಯ್ತಿ. ಚಾ ಕುಡಿದು ಹೋಗ್ತಾರೆ, ನೀನು ಸುಮ್ಮನೆ ಹೆದರ್ತಿ" ಎಂದು ನನ್ನ ಗಂಡ ಒಂದು ಕೈಯಲ್ಲಿ ಟ್ರೇ ಹಿಡಿದೇ ಶಟರ್ ಎತ್ತಿದರು. ಮೊದಲ ಏಟು ತಲೆಗೆ ಬಿತ್ತು. ಆಸ್ಪತ್ರೆಯಲ್ಲಿ ಅವರಿಗೆ ಎಚ್ಚರವೇ ಆಗಲಿಲ್ಲ.

ಹೊಡೆದವರು ಅದನ್ನು ಮೊಬೈಲಿನಲ್ಲಿ ತೆಗೆದು, ಪಕ್ಷದ ಹಾಡು ಸೇರಿಸಿ ಹಂಚಿದರು. ಅವರು ಇಟ್ಟ ಹೆಸರು 'ಜನರ ಸಿಟ್ಟು'. ನಮ್ಮ ಕನ್ನಡ ಸಂಘದ ಅಧ್ಯಕ್ಷರು ಶ್ರದ್ಧಾಂಜಲಿ ಸಭೆಯಲ್ಲಿ 'ಅಹಿತಕರ ಘಟನೆ' ಎಂದರು. ವಾರ್ಷಿಕೋತ್ಸವದ ಊಟ ಸಾಲದೆ ಗಲಾಟೆಯಾದಾಗಲೂ ಅವರು ಅದನ್ನೇ ಅಂದಿದ್ದರು. ಕೊಲೆ ಎಂಬ ಮಾತು ಮಾತ್ರ ಯಾರ ಬಾಯಿಗೂ ಬರಲಿಲ್ಲ.

ಠಾಣೆಗೆ ಹೋಗಿ ಕೇಳಿದೆ. ತಮ್ಮ ಕೈಕೆಳಗಿನ ಸಾಹೇಬರು ಕುರ್ಚಿ ಕೊಟ್ಟು, ಮರಾಠಿಯಲ್ಲಿ ಅತ್ತಿಗೆಯೆಂದು ಕರೆದು ಬಹಳ ಪ್ರೀತಿಯಿಂದ ವಿವರಿಸಿದರು: "ವಹಿನಿ, ನೆಲದ ಮೇಲೆ ಚಾ ಗ್ಲಾಸು ಬಿದ್ದಿದ್ದವು. ಚಾ ಕೊಟ್ಟಿದ್ದೀರಿ ಅಂದ್ರೆ ಅವರು ಗಿರಾಕಿಗಳೇ ಅಲ್ವಾ? ಇದರಲ್ಲಿ ಪಾಲಿಟಿಕ್ಸ್ ಯಾಕೆ ತರ್ತೀರಿ?" ಮಾನ್ಯರೇ, ರಾಡು ಹಿಡಿದು ಇಡ್ಲಿ ತಿನ್ನಲು ಬರುವ ಗಿರಾಕಿಗಳನ್ನು ತಾವು ಯಾವ ಹೋಟೆಲಿನಲ್ಲಿ ಕಂಡಿದ್ದೀರಿ? ಇದು ಬರೀ ಮಾತಿನ ತಕರಾರಲ್ಲ. ಜಗಳ ಎಂದು ಬರೆದದ್ದಕ್ಕೇ ಅವರಿಗೆ ಬೇಗ ಜಾಮೀನು ಸಿಕ್ಕಿತು, ಅವರನ್ನು ಕಳಿಸಿದ ನಾಯಕನ ಹೆಸರು ಎಲ್ಲೂ ಬರಲಿಲ್ಲ. ಈಗ ಅವನ ಹುಟ್ಟುಹಬ್ಬದ ಬ್ಯಾನರು ನಮ್ಮ ಹೋಟೆಲಿನೆದುರೇ ನಿಂತಿದೆ. ಶುಭ ಕೋರುವವರ ಸಾಲಿನಲ್ಲಿ ಆ ರಾಡು ಹಿಡಿದವನೂ ನಗುತ್ತಿದ್ದಾನೆ.

ಕ್ಷಮಿಸಿಬಿಡು ಎನ್ನುವವರಿಗೇನೂ ಕಡಿಮೆಯಿಲ್ಲ. ನಾನು ಕ್ಷಮಿಸುವುದಿಲ್ಲ. ಕೊಂದವರು ಕೈಗೆ ಕೋಳ ತೊಡಿಸಿಕೊಂಡು ಅದೇ ಬ್ಯಾನರಿನ ಕೆಳಗೆ ತಲೆತಗ್ಗಿಸಿ ನಡೆಯಬೇಕು, ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗಬೇಕು. ಅದಕ್ಕೆ ಮೊದಲು ತಮ್ಮ ಕಾಗದ ತಿದ್ದಿ. ಕೊಲೆ ಎಂದು ಬರೆಯಿರಿ, ಪಕ್ಷದ ಬಂದ್‌ನಲ್ಲಿ ಆದದ್ದೆಂದು ಬರೆಯಿರಿ, ಕಳಿಸಿದವನ ಹೆಸರು ಬರೆಯಿರಿ.

ಅಲ್ಲಿಯವರೆಗೆ ನಮ್ಮಲ್ಲಿ ಹೊಸ ಪದ್ಧತಿ. ತಮ್ಮ ಠಾಣೆಯವರು ಬೆಳಗಿನ ಚಾಕ್ಕೆ ಇಲ್ಲಿಗೇ ಬರುತ್ತಾರೆ. ಗಲ್ಲಾದಲ್ಲಿ ಈಗ ನಾನೇ ಕೂರುತ್ತೇನೆ. ಖಾಕಿ ಕಂಡೊಡನೆ ಎಲ್ಲ ಮೇಜಿಗೂ ಕೇಳುವಂತೆ ವಿಚಾರಿಸುತ್ತೇನೆ: "ಸಾಹೇಬ್, ಗಿರಾಕಿಯಾಗಿ ಬಂದಿರಾ? ಅವರು ಬಂದ ಹಾಗೆಯೇ?" ನಿನ್ನೆ ಒಬ್ಬರು ಚಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ನಾಳೆ ತಾವೇ ಬನ್ನಿ, ತಮ್ಮನ್ನೂ ಕೇಳುತ್ತೇನೆ.

ಇಂತಿ,
ಅಂದು ಅವರಿಗೂ ಚಾ ಸೋಸಿಟ್ಟಿದ್ದ
ಲೋಲಾಕ್ಷಿ, ಠಾಕುರ್ಲಿ