ರಸ್ತೆಯ ಉಪ್ಪು ತೊಳೆದ ಮೇಲೆ

ಗೈದರ್ಸ್‌ಬರ್ಗ್, ಮೇರಿಲ್ಯಾಂಡ್
೧೫ ಫೆಬ್ರವರಿ ೨೦೨೫, ಶನಿವಾರ ಬೆಳಿಗ್ಗೆ

ಪ್ರೀತಿಯ ತಂಗಿ ವಿಜಯಶ್ರೀ,

ನಿನ್ನ ಅಕ್ಕನ ಶರಣು. ನಾವೆಲ್ಲ ಕ್ಷೇಮ ಎಂದು ಈ ಸಲ ಬರೆಯುವುದಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಅವ್ವನಿಗೆ ಅದನ್ನೇ ಬರೆದೆ, ಅವ್ವ ಹೋದ ಮೇಲೆ ನಿನಗೆ ಬರೆದೆ. ಬರೆದು ಬರೆದು ಕೈ ತಾನೇ ಬರೆಯುತ್ತದೆ. ಇವತ್ತು ಆ ಕೈಯನ್ನು ಹಿಡಿದು ನಿಲ್ಲಿಸಿದ್ದೇನೆ.

ಷಾರ್ಲೆಟ್‌ನಿಂದ ನೀನು ಫೋನ್ ಮಾಡಿದಾಗಲೆಲ್ಲ ನಾನು ಆರಾಮ ಇದ್ದೀನಿ ಅನ್ನುತ್ತೇನಲ್ಲ, ನಿಮ್ಮ ಭಾವ ಪಕ್ಕದಲ್ಲೇ ಕೂತಿರುತ್ತಾರೆ. ಫೋನು ಸ್ಪೀಕರಿನಲ್ಲಿರುತ್ತದೆ. ಅದಕ್ಕೇ ಈ ಕಾಗದ. ನನಗೆ ಭಯವಾಗಿದೆ ವಿಜಯಾ. ಧಾರವಾಡದಲ್ಲಿ ಚಳವಳಿಯ ದಿನ ಪೊಲೀಸರ ಲಾಠಿ ಎದುರಿಗೆ ಬಂದಾಗ ಹುಡುಗಿಯರ ಮುಂದಿನ ಸಾಲಿನಲ್ಲಿ ನಿಂತವಳು ನಾನು. ಅವತ್ತು ಬಾರದ ಭಯ ಈಗ ಬಂದಿದೆ, ಅದೂ ನಮ್ಮದೇ ಗ್ಯಾರೇಜಿನಿಂದ.

ಈ ಮನೆಯಲ್ಲಿ ಚಳಿಗಾಲಕ್ಕೆ ಮೊದಲು ಸಜ್ಜಾಗುವುದು ಕಾರು. ಅಕ್ಟೋಬರಿನಲ್ಲೇ ಇವರು ಅದರ ಹೊಟ್ಟೆಯಡಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಹೊಡೆಸಿಕೊಂಡು ಬರುತ್ತಾರೆ. ಚಳಿಗೆಂದೇ ಬೇರೆ ಟೈರು. ಕಾಲಡಿಗೆ ಅಂಚೆತ್ತಿದ ರಬ್ಬರ್ ಮ್ಯಾಟು. ನಿಮ್ಮ ಕಡೆ ಇಷ್ಟೆಲ್ಲ ಇರಲಿಕ್ಕಿಲ್ಲ, ಹಿಮ ಅಂದರೆ ನಿಮಗೆ ಫೋಟೋ ತೆಗೆಯುವ ವಸ್ತು. ಇಲ್ಲಿ ಹಿಮ ಬೀಳುತ್ತದೆ ಅಂತ ಸುದ್ದಿ ಬಂದರೆ ಸಾಕು, ಲಾರಿಗಳು ಬಂದು, ಹಿಮ ಹೆಪ್ಪುಗಟ್ಟದಿರಲೆಂದು ರಸ್ತೆಯುದ್ದಕ್ಕೂ ಉಪ್ಪುನೀರು ಸುರಿದು ಹೋಗುತ್ತವೆ. ಬಿದ್ದ ಮೇಲೆ ಕಲ್ಲುಪ್ಪು. ಆ ಉಪ್ಪು ಕಾರಿನ ಅಡಿಗೆ ಮೆತ್ತಿಕೊಂಡು ಕಬ್ಬಿಣವನ್ನು ತಿನ್ನುತ್ತದೆ, ಬ್ರೇಕಿನ ಪೈಪನ್ನು ತಿನ್ನುತ್ತದೆ. ಇದೆಲ್ಲ ನಿಜ, ನಾನು ಅಲ್ಲಗಳೆಯುವುದಿಲ್ಲ. ಎಂಬತ್ತು ದಾಟಿದ ನಿಮ್ಮ ಭಾವ, ಡಾಕ್ಟರ್ ರಾಮಲಿಂಗಪ್ಪನವರು, ಈ ಊರಿನ ಅರ್ಧ ಜನರ ಎದೆಗೆ ಸ್ಟೆತಸ್ಕೋಪು ಇಟ್ಟವರು, ಬಗ್ಗಿ ಕಾರಿನ ಬಾಗಿಲ ಕೆಳಗೆ ಬೆರಳು ಸವರಿ ನಾಲಿಗೆಗೆ ಹಚ್ಚಿ ನೋಡುತ್ತಾರೆ. "ಇನ್ನೂ ಐತಿ" ಅನ್ನುತ್ತಾರೆ. ಮತ್ತೆ ಒಂದು ಬಕೆಟ್ ಬಿಸಿನೀರು.

ಕಾರ್ ವಾಶ್‌ಗೆ ಒಯ್ಯಿರಿ ಅಂದರೆ ಬೇಡ. ಅಲ್ಲಿಯ ಬ್ರಷ್ಷುಗಳು ಬಣ್ಣಕ್ಕೆ ಗೀರು ಹಾಕುತ್ತವಂತೆ. ಊರಿನಲ್ಲಿ ಅವರಪ್ಪ ಜೀಪು ತೊಳೆದ ಹಾಗೆ ಇವರೂ ಬಕೆಟ್ಟು, ಚೊಂಬು, ಹಳೇ ಬನಿಯನ್ ತಗೊಂಡು ಮನೆ ಮುಂದಿನ ಡ್ರೈವ್‌ವೇಯಲ್ಲಿ ತೊಳೆಯುತ್ತಾರೆ. ಕಾರನ್ನು ಗ್ಯಾರೇಜಿನಿಂದ ಹೊರಗೆ ತರುವುದು, ತೊಳೆಯುವುದು, ಒರೆಸಿ ಒಳಗೆ ಇಡುವುದು. ರಸ್ತೆಗೇ ಇಳಿಯದ ಕಾರಿಗೆ ಉಪ್ಪು ಎಲ್ಲಿಂದ ಬಂತು? ಈ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ನನಗೆ ಬಂದದ್ದು ಸಿಟ್ಟು ಮಾತ್ರ.

ಸಿಟ್ಟು ಯಾಕೆ ಬರಬಾರದು ಹೇಳು. ನನ್ನ ಎರಡೂ ಕಿಡ್ನಿ ಕೈಬಿಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ ಕುರ್ಚಿಯಲ್ಲಿ ಕೂತರೆ ನಾನು ಮನುಷ್ಯಳು. ಒಂದು ಸಲ ತಪ್ಪಿದರೆ ಕಾಲು ಊದಿ ಚಪ್ಪಲಿ ಹಿಡಿಯುವುದಿಲ್ಲ. ಇನ್ನೊಂದು ತಪ್ಪಿದರೆ ಎದೆಯೊಳಗೆ ನೀರು. ಮಲಗಿದರೆ ಯಾರೋ ಎದೆಯ ಮೇಲೆ ಒದ್ದೆ ಕಂಬಳಿ ಹೊರಿಸಿದ ಹಾಗೆ. ಇದನ್ನು ನನಗೆ ವಿವರಿಸಿ ಹೇಳಿದ್ದೇ ಈ ಡಾಕ್ಟರು. ಅದೇ ಬಾಯಿಂದ ಡಿಸೆಂಬರ್‌ನಿಂದ ಶುರುವಾಯಿತು:

"ಇವತ್ತು ಬ್ಯಾಡ ನೀಲಾ. ರಸ್ತಾಕ್ಕ ಉಪ್ಪು ಹಾಕ್ಯಾರ. ನಾಳಿ ಹೋಗೂಣು."

"ನಾಳೆ ನನ್ನ ಪಾಳಿ ಇಲ್ಲರೀ."

"ನಾ ಡಾಕ್ಟರ್ ಅದೀನಿ. ಒಂದು ದಿನಕ್ಕ ಏನೂ ಆಗೂದಿಲ್ಲ."

ಡಯಾಲಿಸಿಸ್ ಸೆಂಟರಿನಿಂದ ನರ್ಸ್ ಫೋನ್ ಮಾಡಿದರೆ ಇವರೇ ಎತ್ತುತ್ತಾರೆ. ದೊಡ್ಡ ಆಸ್ಪತ್ರೆಯ ದೊಡ್ಡ ದನಿ ತೆಗೆದು, ಆಕೆ ನನ್ನ ಹೆಂಡತಿ, ನಾನು ನೋಡಿಕೊಳ್ಳುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸುತ್ತಾರೆ. ನರ್ಸ್ ಪಾಪ "ಓಕೆ ಡಾಕ್ಟರ್" ಅನ್ನುತ್ತಾಳೆ. ನನ್ನ ರಕ್ತದ ವಿಷಯ ಇಬ್ಬರೂ ಮಾತಾಡುತ್ತಾರೆ, ರಕ್ತ ನನ್ನದು. ಕೌಂಟಿ ಸರಕಾರದ ವ್ಯಾನು ಇದೆ, ಮುದುಕರನ್ನು ಮನೆ ಬಾಗಿಲಿಂದಲೇ ಕರೆದುಕೊಂಡು ಹೋಗುತ್ತದೆ ಅಂದೆ. "ಡಾಕ್ಟರ ಹೆಂಡತಿ ಕಂಡವರ ವ್ಯಾನಿನಾಗ ಹೋಗೂದು?" ಅಂದರು. ಮಗ ಅವಿನಾಶ್ ಹುಟ್ಟಿದ ವರ್ಷ ನಾನೂ ಡ್ರೈವಿಂಗ್ ಕಲೀತೀನಿ ಅಂದಿದ್ದೆ, ನೆನಪಿದೆಯಾ? ನಿನಗೆ ಬರೆದಿದ್ದೆ. "ನಾ ಸತ್ತೀನೇನು? ನಿನಗ್ಯಾಕ ಸ್ಟೇರಿಂಗು?" ಅಂದಿದ್ದರು. ಪ್ರೀತಿ ಅಂದುಕೊಂಡೆ. ಗಂಡ ಪ್ರೀತಿಯಿಂದ ಕಾಲು ಮುರಿದು ಕೂರಿಸಿದರೆ ಅದಕ್ಕೆ ಸಂಸಾರ ಎಂದು ಹೆಸರಿಡುತ್ತೇವೆ ನಾವು.

ಹಿಂದಿನ ಬೀದಿಯಲ್ಲಿ ಮೈಥಿಲಿ ಅಂತ ಒಬ್ಬಳಿದ್ದಾಳೆ, ಮೈಸೂರಿನವಳು, ಇಲ್ಲೇ ಲ್ಯಾಬಿನಲ್ಲಿ ಕೆಲಸ. ಅವಳು ಮಂಗಳವಾರ, ಶನಿವಾರ ನನ್ನನ್ನು ಒಯ್ಯುತ್ತಾಳೆ. ಗುರುವಾರ ಅವಳಿಗೆ ಆಗುವುದಿಲ್ಲ. ಹೀಗೆ ಎಷ್ಟೋ ಗುರುವಾರ ನಾನು ಸೋಫಾದಲ್ಲಿ ದಿಂಬಿಗೆ ಒರಗಿ, ಬಾಯಿ ತೆರೆದು ಉಸಿರು ಎಳೆಯುತ್ತ, ಕಿಟಕಿಯಿಂದ ನನ್ನ ಗಂಡ ಕಾರಿಗೆ ಸ್ನಾನ ಮಾಡಿಸುವುದನ್ನು ನೋಡಿದ್ದೇನೆ. ಆ ಕಾರಿಗೆ ಬೆಂಕಿ ಬೀಳಲಿ ಎಂದು ಶಪಿಸಿದ್ದೇನೆ. ಇದು ನಿನಗೆ ಫೋನಿನಲ್ಲಿ ಕೇಳಿಸಿದ "ಆರಾಮ".

ಈ ಮಂಗಳವಾರ ಮಧ್ಯಾಹ್ನ ಹಿಮ ಅಂತ ಸುದ್ದಿ ಇತ್ತು. ಮೈಥಿಲಿ ಬೇಗ ಬಂದಳು. ನಾನು ಕೋಟು ಹಾಕಿ ಹೊರಗೆ ಕಾಲಿಟ್ಟೆ ಅಷ್ಟೇ, ನೆಲ ನನ್ನ ಕೆಳಗಿನಿಂದ ಹೋಯಿತು. ಬೆಳಿಗ್ಗೆ ಇವರು ಕಾರಿಗೆ ಸುರಿದ ನೀರೆಲ್ಲ ಇಳಿಜಾರಿನಲ್ಲಿ ಹರಿದು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು, ಕಣ್ಣಿಗೆ ಕಾಣದ ಮಂಜುಗಡ್ಡೆ. ಕುಂಡೆಯ ಮೇಲೆ ಕೂತವಳು ಜಾರುತ್ತ ಜಾರುತ್ತ ಮೈಥಿಲಿಯ ಕಾರಿನ ಟೈರಿಗೆ ಹೋಗಿ ನಿಂತೆ. ಮೂಳೆ ಉಳಿಯಿತು. ಅವಳು ಕಿರುಚಿಕೊಂಡು ಓಡಿಬಂದಳು. ನಾನು ಕೂತಲ್ಲಿಂದಲೇ ಬಾಗಿಲ ಕಡೆ ತಿರುಗಿ, ನಿಮ್ಮ ಕಾರು ಮುತ್ತೈದೆಯಾಗಿ ನೂರು ವರ್ಷ ಬಾಳಲಿ, ನನ್ನ ಹೆಣದ ಮೇಲೆ ಅದನ್ನ ಓಡಿಸಿರಿ ಎಂದು ಕೂಗಿದೆ. ಬೀದಿಯ ಬಿಳಿಯರೆಲ್ಲ ಕೇಳಲಿ ಎಂದೇ ಕೂಗಿದೆ, ಭಾಷೆ ತಿಳಿಯದಿದ್ದರೇನು. ಅವರು ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದರು.

ಅವಳ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಮೈಥಿಲಿ ಹೇಳಿದಳು:

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಅಂಕಲ್‌ಗೆ ಪ್ರಾಮಿಸ್ ಮಾಡಿದ್ದೆ, ಹೇಳಲ್ಲ ಅಂತ. ಆದ್ರೆ ನೀವು ಹೀಗೆ ಬೈದಿದ್ದು ನೋಡಿ ತಡ್ಕೊಳಕ್ಕಾಗ್ತಿಲ್ಲ."

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅವಳು ಫ್ರೆಡರಿಕ್ ಊರಿನಿಂದ ಬರುತ್ತಿದ್ದಳಂತೆ. ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಮ್ಮ ಕಾರು ನಿಂತಿತ್ತಂತೆ, ಇಂಜಿನ್ ಓಡುತ್ತಲೇ ಇತ್ತು. ಒಳಗೆ ಇವರು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಕೂತಿದ್ದರಂತೆ. ಕಿಟಕಿ ತಟ್ಟಿದರೆ ಅವಳ ಗುರುತು ಹತ್ತಲು ಹೊತ್ತಾಯಿತಂತೆ. ಆಮೇಲೆ ನಗುತ್ತ, "ಇಲ್ಲೆ ಲೈಬ್ರರಿಗೆ ಹೊಂಟಿದ್ದೆವ್ವಾ. ಮನಿ ದಾರಿ ಯಾವುದು?" ಅಂದರಂತೆ. ನಮ್ಮ ಮನೆಯಿಂದ ಲೈಬ್ರರಿಗೆ ಎರಡು ತಿರುವು, ವಿಜಯಾ. ಇವರು ಹೈವೇ ಹತ್ತಿ ಬೇರೆ ಕೌಂಟಿಗೆ, ಅಂದರೆ ಬೇರೆ ಜಿಲ್ಲೆಗೇ ಹೋಗಿದ್ದರು. ಮೈಥಿಲಿ ಮುಂದೆ, ಇವರು ಅವಳ ಹಿಂದೆ. ಹಾಗೆ ಮನೆ ಮುಟ್ಟಿಸಿದಳಂತೆ. ಇಳಿದ ಮೇಲೆ ಅವಳ ಕೈ ಹಿಡಿದು, "ನಿಮ್ಮ ಆಂಟಿ ಹೆದರಕೋತಾಳ. ಹೇಳಬ್ಯಾಡ" ಅಂದರಂತೆ.

ಅವತ್ತಿನಿಂದ ಕಾರು ರಸ್ತೆಗೆ ಇಳಿದಿಲ್ಲ.

ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ನಾನು ಎಲ್ಲವನ್ನೂ ಮತ್ತೆ ಜೋಡಿಸಿದೆ. ಅವರು ಮೊದಲ ಸಲ ನಾಳೆ ಹೋಗೋಣ ಅಂದ ದಿನ ಬಿಸಿಲಿತ್ತು. ರಸ್ತೆಗೆ ಉಪ್ಪಿನ ಒಂದು ಹರಳೂ ಬಿದ್ದಿರಲಿಲ್ಲ. ಅವರು ಕಾರನ್ನು ಕಾಯುತ್ತಿರಲಿಲ್ಲ. ಕಾರಿನ ಹಿಂದೆ ಅಡಗಿ ಕೂತಿದ್ದರು. ತನ್ನ ತಲೆಯೊಳಗೆ ಏನಾಗುತ್ತಿದೆ ಎಂದು ಬೇರೆಯವರಿಗೆ ತಿಳಿಯದಿರಬಹುದು, ಡಾಕ್ಟರಾದ ಇವರಿಗೆ ತಿಳಿಯದೇ ಇರುತ್ತದಾ? ತಿಳಿದೇ ಸುಮ್ಮನಿದ್ದರು. ತನಗೆ ದಾರಿ ತಪ್ಪುತ್ತದೆ ಎಂದು ಹೆಂಡತಿಗೆ ಹೇಳುವುದಕ್ಕಿಂತ ಹೆಂಡತಿಯ ಎದೆಗೆ ನೀರು ತುಂಬಲಿ ಅಂದುಕೊಂಡರು. ಇದನ್ನು ನಾನು ಕ್ಷಮಿಸಿಲ್ಲ. ಗಂಡಸಿನ ಮರ್ಯಾದೆಯ ಬೆಲೆಯನ್ನು ಯಾವಾಗಲೂ ಹೆಂಗಸಿನ ಮೈಯಿಂದಲೇ ಯಾಕೆ ವಸೂಲು ಮಾಡುತ್ತಾರೆ? ಕೇಳುತ್ತೇನೆ, ಒಂದು ದಿನ ಅವರನ್ನೇ ಕೇಳುತ್ತೇನೆ. ಆದರೆ ಆ ದಿನ ಬರುವ ಹೊತ್ತಿಗೆ ಉತ್ತರ ಹೇಳಲು ಅವರು ಅಲ್ಲಿರುತ್ತಾರಾ?

ಬುಧವಾರ ಬೆಳಿಗ್ಗೆ ಇನ್ನೊಂದು ನಡೆಯಿತು. ಡಯಾಲಿಸಿಸ್ಸಿನ ಸೂಜಿ ಚುಚ್ಚಲಿಕ್ಕೆಂದು ನನ್ನ ಎಡತೋಳಿನಲ್ಲಿ ಆಪರೇಶನ್ ಮಾಡಿ ಎರಡು ರಕ್ತನಾಳ ಕೂಡಿಸಿದ್ದಾರೆ, ನಿನಗೆ ಗೊತ್ತು. ಮುಟ್ಟಿದರೆ ಒಳಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಅದುರುತ್ತದೆ. ಅದುರುತ್ತಿದ್ದರೆ ಸರಿ ಇದೆ ಎಂದು ಅರ್ಥ. ಎಷ್ಟೇ ಜಗಳವಾಗಿರಲಿ, ಎದ್ದ ಕೂಡಲೇ ಅದರ ಮೇಲೆ ಎರಡು ಬೆರಳಿಟ್ಟು ನೋಡದೆ ಇವರು ಚಹಾ ಕುಡಿಯುವುದಿಲ್ಲ. ಬುಧವಾರವೂ ಇಟ್ಟರು. ಇಟ್ಟವರು ಬೆರಳನ್ನು ಸರಕ್ಕನೆ ಹಿಂದೆ ತೆಗೆದುಕೊಂಡರು.

"ಇದೇನಿದು ಒಳಗ? ಯಾರ ಏನ ಮಾಡ್ಯಾರ ನಿನಗ?"

ನಾನು ಹೇಳಿದೆ. ಮಗುವಿಗೆ ಹೇಳಿದ ಹಾಗೆ ಹೇಳಿದೆ. ಅವರು ನನ್ನ ತೋಳನ್ನೇ ನೋಡುತ್ತ ಕೂತರು. ನಿಧಾನವಾಗಿ ಮುಖಕ್ಕೆ ಡಾಕ್ಟರು ವಾಪಸು ಬಂದರು. ಬಂದ ಮೇಲೆ ಮುಖ ಮುಚ್ಚಿಕೊಂಡರು. ಮೈಥಿಲಿ ಎಲ್ಲ ಹೇಳ್ಯಾಳ್ರೀ ಅಂದೆ. "ಅವಿಗೆ ಹೇಳಬ್ಯಾಡ. ಹೇಳಿದರ ನಮ್ಮಿಬ್ಬರನ್ನೂ ಯಾವುದರೆ ವೃದ್ಧಾಶ್ರಮಕ್ಕ ಸೇರಸ್ತಾನ. ಮಾತು ಕೊಡು" ಅಂದರು. ಕೊಟ್ಟೆ. ಕಣ್ಣೀರು ಹಾಕುವ ಗಂಡನ ಎದುರು ಯಾವ ಹೋರಾಟಗಾರ್ತಿಯೂ ನಿಲ್ಲುವುದಿಲ್ಲ, ನಾನಂತೂ ನಿಲ್ಲಲಿಲ್ಲ. ಆಮೇಲೆ ಅವರು ಕಣ್ಣೊರೆಸಿಕೊಂಡು ನನ್ನನ್ನು ಸಮಾಧಾನ ಮಾಡಿದರು. "ಹೆದರಬ್ಯಾಡ ನೀಲಾ. ಒಂದು ಛಲೋ ಮಳಿ ಆಗಲಿ, ಉಪ್ಪು ತೊಳಕೊಂಡು ಹೋಗಲಿ. ಆಮ್ಯಾಲೆ ನಾನ ನಿನ್ನ ಕರಕೊಂಡು ಹೋಗ್ತೀನಿ."

ಅವತ್ತಿನಿಂದ ನಾನು ಹವಾಮಾನ ನೋಡುತ್ತಿದ್ದೇನೆ. ಮೂರು ತಿಂಗಳು ಹಿಮವನ್ನು ಬೈದವಳು ಈಗ ಹಿಮ ಬೀಳಲಿ, ಇನ್ನೂ ಬೀಳಲಿ, ಲಾರಿಗಟ್ಟಲೆ ಉಪ್ಪು ಸುರಿಯಲಿ ಎಂದು ಬೇಡುತ್ತೇನೆ. ನೆಪವೆಂದು ಹೇಳಿದ್ದು ಹೇಳಿ ಹೇಳಿ ಅವರಿಗೆ ಈಗ ನಿಜವೇ ಆಗಿಬಿಟ್ಟಿದೆ. ತಾನು ಕಾರು ಓಡಿಸದೆ ಇರುವುದು ಉಪ್ಪಿಗಾಗಿಯೇ ಎಂದು ನಂಬಿದ್ದಾರೆ. ಉಪ್ಪು ಇರುವ ತನಕ ಅವರು ಉಳಿದಿದ್ದಾರೆ, ನಾನು ಉಳಿದಿದ್ದೇನೆ, ಸ್ಕೂಲ್ ಬಸ್ಸಿಗೆ ಕಾಯುತ್ತ ಮೂಲೆಯಲ್ಲಿ ನಿಲ್ಲುವ ಪರರ ಮಕ್ಕಳೂ ಉಳಿದಿದ್ದಾರೆ.

ಇವತ್ತು ಎದ್ದರೆ ಮಳೆ. ಬೆಚ್ಚನೆ ಮಳೆ, ಸುರಿಯುತ್ತಲೇ ಇದೆ. ಇವರು ಕಿಟಕಿಯ ಬಳಿ ನಿಂತು ಎಳೆ ಹುಡುಗನ ಹಾಗೆ ನಗುತ್ತಿದ್ದಾರೆ. ರಸ್ತೆ ಕಪ್ಪಗೆ ತೊಳೆದುಕೊಂಡಿದೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದಾರೆ. "ಮೈಥಿಲಿಗೆ ಬರಬ್ಯಾಡ ಅಂತ ಹೇಳು. ಇವತ್ತು ನಾ ಒಯ್ತೀನಿ" ಅಂದರು. ಹ್ಞೂಂ ಅಂದೆ. ಅವಳಿಗೆ ಫೋನ್ ಮಾಡಲಿಲ್ಲ. ಅಡುಗೆಮನೆ ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಾನು ಮಾತು ಕೊಟ್ಟಿದ್ದೇನೆ, ನೀನು ಕೊಟ್ಟಿಲ್ಲ. ಈ ಕಾಗದ ಮುಟ್ಟಿದ ದಿನವೇ ಅಟ್ಲಾಂಟಾಕ್ಕೆ ಫೋನ್ ಹಚ್ಚಿ ಅವಿಗೆ ಎಲ್ಲ ಹೇಳು. ಅಮ್ಮ ಅಳುತ್ತಾಳೆ ಎಂದು ಹೇಳಬೇಡ. ಅಪ್ಪನನ್ನು ಡಾಕ್ಟರಿಗೆ ತೋರಿಸಬೇಕು, ಅಮ್ಮನಿಗೆ ವ್ಯಾನು ಬೇಕು, ಗುರುವಾರಕ್ಕೂ ಬೇಕು ಎಂದು ಹೇಳು. ಅವನು ತಂದೆಯ ಮರ್ಯಾದೆ ಗಿರ್ಯಾದೆ ಅಂತ ಗೊಣಗಿದರೆ, ನಿಮ್ಮವ್ವನ ಉಸಿರು ಅಂತ ಒಂದಿದೆ ಎಂದು ಗದರಿಸು. ನೀನು ಗದರಿಸಿದರೆ ಅವನು ಕೇಳುತ್ತಾನೆ.

ನಿನ್ನ ಸಿಟ್ಟಿನ ಅಕ್ಕ, ಹೆದರಿದ ಅಕ್ಕ,
ನೀಲಗಂಗಾ

ತಾಜಾಕಲಂ: ಲಕೋಟೆ ಯಾಕೆ ಇಷ್ಟು ದಪ್ಪ ಎಂದು ನೋಡಬೇಡ. ಕಾಲುಚೀಲದಲ್ಲಿ ಸುತ್ತಿಟ್ಟಿರುವುದು ಕಾರಿನ ಎರಡೂ ಕೀಲಿಗಳು. ನಿಮ್ಮ ಭಾವ ಕೇಳಿದರೆ ಕಳಿಸಬೇಡ. ನಾನೇ ಫೋನ್ ಮಾಡಿ ಅತ್ತು ಕರೆದು ಕೇಳಿದರಂತೂ ಕಳಿಸಲೇಬೇಡ, ಅವರು ನನ್ನ ಪಕ್ಕದಲ್ಲಿ ಕೂತಿದ್ದಾರೆ ಎಂದು ತಿಳಿ. ಒಳಗೆ ಹುಡುಕಲು ಶುರು ಮಾಡಿದ್ದಾರೆ. ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಸುರಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ. "ಅವ್ವಾ, ಕೀಲಿ ಎಲ್ಲಿಟ್ಟಿ?" ಎಂದು ಕೂಗುತ್ತಿದ್ದಾರೆ. ಅವರ ಅವ್ವ ಹೋಗಿ ಮೂವತ್ತು ವರ್ಷವಾಯಿತು. ಈ ಲಕೋಟೆ ಒಯ್ಯಬೇಕಾದ ಟಪಾಲಿನವನ ಗಾಡಿ ಇನ್ನೂ ಬಂದಿಲ್ಲ.